ಅಕ್ಟೋಬರ್‌ನಲ್ಲಿ ಹೂ ಬಿಟ್ಟ ಕಕ್ಕೆ

ಹೋದ ವಾರ ಮಾವ ಫೋನ್ ಮಾಡಿದ್ರು. ಗುಂಡ್ಲುಪೇಟೆ ಕಡೆ ಅವರ ತೋಟ, ಬಂಡೀಪುರದ ಕಾಡಿನಂಚಿಗೆ ಮೂರ್ನಾಲ್ಕು ಕಿಲೋಮೀಟರ್ ಅಷ್ಟೆ. ಮಳೆ, ಬೆಳೆ, ಹಂದಿ ಕಾಟ, ಅತ್ತೆ ಮಂಡಿನೋವು ಎಲ್ಲಾ ಮಾತಾಡಿ ಇನ್ನೇನು ಇಡ್ಬೇಕು ಅನ್ನೋವಾಗ, 'ನಿನ್ ಮರ ಈ ವರ್ಸನೂ ಮೊಗ್ಗು ಬುಟ್ಟದೆ ಕನವ್ವ' ಅಂದ್ರು. ಬೈದಿದ್ದಲ್ಲ, ಮಾವ ಬೈಯೋ ಜಾತಿನೇ ಅಲ್ಲ. ಆದ್ರೂ ಆ 'ನಿನ್ ಮರ' ಅನ್ನೋದು ಮಾತ್ರ ಅವತ್ತಿಂದ ತಲೇಲಿ ಕೂತುಬಿಟ್ಟಿದೆ. ಯಾಕಂದ್ರೆ ಅದು ನನ್ನ ಮರಾನೇ. ನಾನೇ ಬೀಜ ತಂದಿದ್ದು, ನಾನೇ ಬಿಸಿನೀರಲ್ಲಿ ನೆನೆಹಾಕಿ ಮೊಳಕೆ ಬರಿಸಿದ್ದು, ನಾನೇ ಅದಕ್ಕೆ ಕಕ್ಕೆ ಅಂತ ಹೆಸರಿಟ್ಟಿದ್ದು. ಕೊನೇದೊಂದು ಮಾತ್ರ ತಪ್ಪಾಗಿತ್ತು. ಅದೊಂದು ತಪ್ಪಿಗೆ ಮಾವ ಈಗ ನಾಲ್ಕನೇ ವರ್ಷ ಕೆಲಸ ಮಾಡ್ತಿದ್ದಾರೆ.

ಕಕ್ಕೆ ಗೊತ್ತಿಲ್ದೆ ಇರೋಳೇನಲ್ಲ ನಾನು. ಅಜ್ಜಿ ಮನೆ ಊರಲ್ಲಿ, ಅಂದ್ರೆ ಮಾವನ ಈ ಊರಲ್ಲೇ, ಮಾರಮ್ಮನ ಗುಡಿ ಹಿಂದೆ ಒಂದು ಕಕ್ಕೆ ಮರ ಇತ್ತು, ಈಗಲೂ ಇದೆ. ಬೇಸಿಗೆ ರಜೆಗೆ ಹೋದಾಗ ಎಲೆಯೆಲ್ಲ ಉದುರಿ ಹಳದಿ ಗೊಂಚಲು ಜೋತುಬಿದ್ದಿರೋದು, ಕೆಳಗೆ ಬಿದ್ದ ಕರೀ ಕಾಯಿನ ಕತ್ತಿ ತರ ಹಿಡ್ಕೊಂಡು ಹೊಡೆದಾಡ್ತಿದ್ದಿದ್ದು, ಯಾರೋ ಒಬ್ಬ ಅದರ ತಿರುಳು ಸಿಹಿಯಾಗಿದೆ ಅಂತ ತಿಂದು ಇಡೀ ದಿನ ಕೆರೆ ಕಡೆ ಓಡಾಡಿದ್ದು, ಇದೆಲ್ಲ ನೋಡಿ ಬೆಳೆದೋಳು. ಅಂಥೋಳೇ ಮೋಸಹೋಗಿದ್ದು. ಅಥವಾ ಅಷ್ಟೆಲ್ಲ ನೋಡಿದ್ದಕ್ಕೇ ಮೋಸಹೋದ್ನೇನೋ, ಕಕ್ಕೆ ನನಗೆ ಗೊತ್ತು ಅನ್ನೋ ಧೈರ್ಯ ಇತ್ತಲ್ಲ.

ಕಾರಿನ ಕಿಟಕಿಯಿಂದ

ಅದು ನಾವು ಮೈಸೂರಿಂದ ಸುಲ್ತಾನ್ ಬತ್ತೇರಿಗೆ ಹೋಗ್ತಿದ್ದ ದಿನ, ಗೆಳತಿ ಮದುವೆ, ಅಕ್ಟೋಬರ್ ಕೊನೆ. ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟ್ ಆದ್ಮೇಲೆ ಕಾಡು ಶುರು. ಮಳೆಗಾಲ ಮುಗಿದು ಇನ್ನೂ ಹಸಿರಿತ್ತು, ಎಲ್ಲಾ ಕಡೆ ಲಂಟಾನ ಪೊದೆ, ಅದೂ ಹಸಿರೇ ಅಲ್ವಾ. ಮೂಲೆಹೊಳೆ ದಾಟಿ ಕೇರಳದ ಕಡೆ ಹೋದ ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ರಸ್ತೆ ಎರಡೂ ಬದಿ ಹಳದಿ. ಒಂದೋ ಎರಡೋ ಮರ ಅಲ್ಲ, ಸಾಲುಸಾಲು, ಸಾಲಿನ ಹಿಂದೆ ಇನ್ನೊಂದು ಸಾಲು, ಒಳಗೆ ಕಣ್ಣು ಹೋದಷ್ಟೂ ಹಳದಿ. ಕಾರಲ್ಲಿ ಎಲ್ಲರೂ ಒಂದೇ ಸಲ ಹಾ ಅಂದ್ವಿ. ನಿಲ್ಲಿಸಿ ಅಂದ್ರೆ ನಿಲ್ಲಿಸೋ ಹಾಗಿಲ್ಲ, ಹುಲಿ ಕಾಡು, ಇಳಿದ್ರೆ ದಂಡ. ಹಂಗಾಗಿ ಓಡ್ತಿದ್ದ ಕಾರಿನ ಕಿಟಕಿಯಿಂದ ಮೊಬೈಲ್ ಹೊರಗಿಟ್ಟು ಇಪ್ಪತ್ತು ಮೂವತ್ತು ಫೋಟೊ ಹೊಡೆದೆ, ಎಲ್ಲದರಲ್ಲೂ ಹಳದಿ ಗೀಚು. 'ಎಷ್ಟೊಂದು ಕಕ್ಕೆ ನೋಡ್ರೋ' ಅಂದೋಳು ನಾನೇ. ಹಿಂದೆ ಕೂತಿದ್ದ ಮಲಯಾಳಿ ಹುಡುಗಿ ಹೌದು ಇದನ್ನ ಇಲ್ಲಿ ಮಂಜಕ್ಕೊನ್ನ ಅಂತಾರೆ ಅಂದ್ಲು. ಕೊನ್ನ ಅಂದ್ರೆ ಕಕ್ಕೆ, ವಿಷು ಹಬ್ಬಕ್ಕೆ ಕಣಿ ಇಡೋ ಹೂ, ಕೇರಳದ ರಾಜ್ಯ ಹೂವು. ಮಂಜ ಅಂದ್ರೆ ಹಳದಿ. ಹಳದಿ ಕಕ್ಕೆ! ಇನ್ನೇನು ಬೇಕು, ಊರೋರೇ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು. ಕಕ್ಕೆ ಇರೋದೇ ಹಳದಿ, ಅದಕ್ಕೆ ಯಾಕೆ ಹಳದಿ ಕಕ್ಕೆ ಅಂತ ಬೇರೆ ಹೆಸರು ಇಡ್ತಾರೆ ಅನ್ನೋ ಸುಲಭದ ಪ್ರಶ್ನೆ ಅವತ್ತು ಒಬ್ಬರಿಗೂ ಹೊಳೀಲಿಲ್ಲ.

ಅದಾಗಿ ಫೆಬ್ರವರೀಲಿ ಮತ್ತೆ ಅದೇ ರಸ್ತೆ. ಕಾಡು ದಾಟಿದ ಮೇಲೆ ಟೀ ಕುಡಿಯೋಕೆ ನಿಂತ ಜಾಗದಲ್ಲಿ ಒಂದು ಮರ ಇತ್ತು, ಹೂ ಇಲ್ಲ, ಉದ್ದುದ್ದ ಕರೀ ಕಾಯಿ ನೇತಾಡ್ತಿದ್ವು, ಕೆಳಗೂ ಬಿದ್ದಿದ್ವು. ಆರಿಸ್ಕೊಂಡು ಬ್ಯಾಗಿಗೆ ಹಾಕ್ಕೊಂಡೆ. ಮಾವನ ಮನೆಗೆ ಹೋಗಿ ಪಾಕೆಟ್‌ಗಳಲ್ಲಿ ಹಾಕಿದ್ವಿ, ಬೇಕಾದಷ್ಟು ಹುಟ್ಟಿದ್ವು. ಪಂಪ್‌ಸೆಟ್ ಮನೆ ಪಕ್ಕ ಬೇಲಿಗುಂಟ ಎರಡು ನೆಟ್ವಿ. ಮೂರನೇ ವರ್ಷಕ್ಕೆ ಹೂ. ನನಗೆ ಹೆಮ್ಮೆ ಅಂದ್ರೆ ಹೆಮ್ಮೆ. ಮಾವಂಗೆ ಮಾತ್ರ ಸ್ವಲ್ಪ ಅನುಮಾನ ಬಂದಿತ್ತಂತೆ, ಕಕ್ಕೆ ಇಷ್ಟು ಬೇಗ ಆಳೆತ್ತರ ದಾಟಿ ಹೂ ಬಿಡೋದನ್ನ ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಓದಿದ ಹುಡುಗಿ ಹೇಳ್ತಾವಳೆ ಅಂತ ಸುಮ್ನಾಗಿದ್ರಂತೆ. ಈ ಮಾತನ್ನ ಅವರು ಎಷ್ಟೋ ದಿನ ಆದ್ಮೇಲೆ ಹೇಳಿದ್ದು, ಅದೂ ನಗ್ತಾ ನಗ್ತಾ, ನನಗೆ ಮಾತ್ರ ಕೂತ ಜಾಗದಲ್ಲೇ ಇಳಿದು ಹೋದ ಹಾಗಾಯ್ತು.

ಇನ್ನೊಂದು ಒಪ್ಪಿಕೊಳ್ಳೋದಿದೆ. ಹೂ ಬಿಟ್ಟಾಗ ಫೋನಲ್ಲಿ ಗೂಗಲ್ ಲೆನ್ಸ್ ಹಿಡಿದಿದ್ದೆ. ಅದು ನಾಲ್ಕೈದು ಚಿತ್ರ ತೋರಿಸ್ತು, ಮೊದಲನೇದು ಕಕ್ಕೆ, ಕ್ಯಾಸಿಯಾ ಫಿಸ್ಟುಲಾ ಅಂತ. ಎರಡನೇದು ಸೆನ್ನಾ ಸ್ಪೆಕ್ಟಾಬಿಲಿಸ್. ಎರಡನೇದನ್ನ ನೋಡಿದ್ದೂ ನಿಜ, ಅದರ ಮೇಲೆ ಬೆರಳು ಒತ್ತದೆ ಹಿಂದಕ್ಕೆ ಬಂದಿದ್ದೂ ನಿಜ. ಆಪ್ ಸುಳ್ಳು ಹೇಳಿರಲಿಲ್ಲ, ಎರಡು ಉತ್ತರ ಕೊಟ್ಟಿತ್ತು, ನನಗೆ ಬೇಕಾಗಿದ್ದನ್ನ ನಾನು ತಗೊಂಡೆ. ಆಪ್‌ಗಳನ್ನ ಬೈಯೋರ ಜೊತೆ ಸೇರ್ಕೊಳ್ಳೋಕೆ ನನಗೆ ಆಗದೇ ಇರೋದು ಅದಕ್ಕೇ. ಬರೀ ಹೂವಿನ ಫೋಟೊ ಕೊಟ್ರೆ ಅದಾದ್ರೂ ಏನು ಮಾಡತ್ತೆ. ಎಲೆ ಒಂದು, ಕಾಯಿ ಒಂದು, ತೊಗಟೆ ಒಂದು, ಇಡೀ ಮರ ದೂರದಿಂದ ಒಂದು, ಹಿಂಗೆ ಬೇರೆ ಬೇರೆ ಫೋಟೊ ಕೊಟ್ಟು ತಿಂಗಳು, ಜಾಗ ಹೇಳಿದ್ರೆ ಅದೇ ಆಪ್ ಎಷ್ಟೋ ಚೆನ್ನಾಗಿ ಹೇಳತ್ತೆ, ಆಮೇಲೆ ನಾನೇ ಪರೀಕ್ಷೆ ಮಾಡಿ ನೋಡಿದ್ದೀನಿ.

ಮಾರಮ್ಮನ ಗುಡಿ ಹಿಂದೆ

ಸತ್ಯ ಹೇಳಿದೋರು ಮಾವನ ಸ್ನೇಹಿತರೊಬ್ಬರು, ಕಾಡಲ್ಲಿ ವಾಚರ್ ಆಗಿ ಎಷ್ಟೋ ವರ್ಷ ಕೆಲಸ ಮಾಡಿದೋರು. ದೀಪಾವಳಿಗೆ ನಾನು ಅಲ್ಲೇ ಇದ್ದೆ, ಅವರು ಯಾವುದೋ ಪೈಪ್ ಕೇಳೋಕೆ ಬಂದಿದ್ರು. ಮರ ನೋಡಿದೋರೇ ನಿಂತ್ರು. 'ಇದ್ಯಾರು ತಂದಾಕಿದ್ದು ಇಲ್ಲಿಗೆ?' ಅಂದ್ರು. ನಾನು ಖುಷಿಯಿಂದ ಮುಂದೆ ಬಂದು, ಕಕ್ಕೆ ಅಣ್ಣ, ನಾನೇ ಬೀಜ ಹಾಕಿದ್ದು ಅಂದೆ. ಅವರು ನನ್ನ ಮುಖ ನೋಡಿದ್ರು, ಮರ ನೋಡಿದ್ರು, 'ಕಕ್ಕೆ ಈಗ ಹೂ ಬುಡ್ತದಾ ಅವ್ವ?' ಅಂತ ಕೇಳಿದ್ರು. ಅಷ್ಟೇ ಕೇಳಿದ್ದು. ಬೇಸಿಗೆ ರಜೆ, ಎಲೆ ಇಲ್ಲದ ಮರ, ಮಾರಮ್ಮನ ಜಾತ್ರೆ ಎಲ್ಲ ಒಂದೇ ಸಲ ಕಣ್ಮುಂದೆ ಬಂತು. ಯುಗಾದಿ ಆಸುಪಾಸಲ್ಲಿ ಶುರುವಾಗಿ ಮಳೆ ಹಿಡಿಯೋ ತನಕ ಹೂ ಬಿಡೋ ಮರ ಅದು. ದೀಪಾವಳಿ ಹೊತ್ತಲ್ಲಿ ಮೈತುಂಬ ಎಲೆ ಇಟ್ಕೊಂಡು, ಅದರ ಮೇಲೆ ಹೂ ಹೊತ್ಕೊಂಡು ನಿಂತಿದ್ದ ಮರಾನ ನಾನು ಕಕ್ಕೆ ಅಂತಿದ್ದೆ. ಸಮಾಧಾನಕ್ಕೆ, ಈಗೆಲ್ಲ ಹವಾಮಾನ ಕೆಟ್ಟಿದೆಯಲ್ಲಣ್ಣ ಅಂತ ಬೇರೆ ಅಂದೆ. ಎಲ್ಲದಕ್ಕೂ ಒಂದು ಹವಾಮಾನ ಸಿಕ್ಕಿದೆ ನಮಗೆ.

ಅವರು ವಾದ ಮಾಡ್ಲಿಲ್ಲ. ಒಂದು ಸಣ್ಣ ರೆಂಬೆ ಮುರ್ಕೊಂಡು ಬಾ ಅಂತ ಗುಡಿ ಹತ್ರ ಕರ್ಕೊಂಡು ಹೋದ್ರು, ಕಕ್ಕೆ ಮರದ ಕೆಳಗೆ ನಿಲ್ಲಿಸಿದ್ರು, ಅದರದ್ದೂ ಒಂದು ಎಲೆ ಕಿತ್ತು ಎರಡನ್ನೂ ಗುಡಿ ಕಟ್ಟೆ ಮೇಲೆ ಪಕ್ಕಪಕ್ಕ ಇಟ್ರು. ಅಯ್ಯೋ ದೇವರೇ. ಕಕ್ಕೆದು ಒಂದು ಕಡ್ಡಿಗೆ ಐದಾರು ಜೊತೆ ಎಲೆ, ಒಂದೊಂದು ಎಲೆ ನನ್ನ ಅಂಗೈ ಮುಚ್ಚೋ ಅಷ್ಟು ಅಗಲ, ನುಣುಪು. ನನ್ನ ಮರದ್ದು ಒಂದು ಕಡ್ಡಿಗೆ ಹನ್ನೆರಡು ಹದಿಮೂರು ಜೊತೆ, ಒಂದೊಂದು ಎಲೆ ಬೆರಳಿನ ಹಾಗೆ ಕಿರಿದು, ತುದಿ ಚೂಪು, ಅಡಿಭಾಗ ಮುಟ್ಟಿದ್ರೆ ಸಣ್ಣ ಕೂದಲಿನ ಮೆತ್ತಗೆ. ಒಂದೇ ಮರ ಅಂತ ಯಾವ ಕುರುಡರೂ ಹೇಳಲ್ಲ, ಕುರುಡರಂತೂ ಖಂಡಿತ ಹೇಳಲ್ಲ, ಮುಟ್ಟಿ ನೋಡ್ತಾರಲ್ಲ. ಅವರು ಇನ್ನೂ ಒಂದು ಮಾಡಿದ್ರು, ಕಕ್ಕೆ ಕಾಯಿ ಹೆಬ್ಬೆರಳಿನ ದಪ್ಪ ಇರತ್ತಲ್ಲ, ಅದನ್ನ ಕಲ್ಲಲ್ಲಿ ಜಜ್ಜಿ ಒಡೆದು ತೋರಿಸಿದ್ರು, ಒಳಗೆ ಕಾಸಿನ ತರ ಬಿಲ್ಲೆ ಬಿಲ್ಲೆ, ಬಿಲ್ಲೆಗೆ ಮೆತ್ತಿಕೊಂಡ ಕರೀ ಅಂಟು ತಿರುಳು, ಹಳೇ ಬೆಲ್ಲದ ತರ ವಾಸನೆ. ನಾನು ಅವತ್ತು ಟೀ ಅಂಗಡಿ ಹತ್ರ ಆರಿಸಿದ ಕಾಯಿ ಪೆನ್ಸಿಲ್ ದಪ್ಪ ಇತ್ತು, ಮೈಮೇಲೆ ಬಳೆ ಬಳೆ ಗೆರೆ, ಕೈಗೆ ಅಂಟೇ ಇರ್ಲಿಲ್ಲ. ಬೀಜ ಬಿಡಿಸಿದ ಮೇಲೆ ಕೈ ತೊಳ್ಕೊಂಡ ನೆನಪೂ ಇಲ್ಲ. ಚಿಕ್ಕಂದಿನಲ್ಲಿ ಕಕ್ಕೆ ಕಾಯಿ ಮುಟ್ಟಿ ಲಂಗಕ್ಕೆಲ್ಲ ಕರೀ ಮೆತ್ಕೊಂಡು ಬೈಸ್ಕೊಂಡೋಳಿಗೆ ಅದೊಂದು ಸಾಕಾಗ್ಬೇಕಿತ್ತು.

ಹೂವಲ್ಲೂ ವ್ಯತ್ಯಾಸ ಇದೆ, ಆದ್ರೆ ಅದನ್ನ ಕೊನೇಲಿ ನೋಡ್ಬೇಕು ಅಂತ ನಾನೀಗ ಹೇಳೋದು. ಕಕ್ಕೆ ಗೊಂಚಲು ದೀಪದ ಸರದ ಹಾಗೆ ಕೆಳಕ್ಕೆ ಇಳೀತದೆ, ಸೆನ್ನಾದ್ದು, ಅಂದ್ರೆ ಲೆನ್ಸ್ ಎರಡನೇದಾಗಿ ತೋರಿಸಿದ್ದ ನನ್ನ ಮರದ್ದು, ರೆಂಬೆ ತುದೀಲಿ ಮೇಲಕ್ಕೆ ಎದ್ದು ನಿಲ್ಲತ್ತೆ. ಕಕ್ಕೆ ಹೂವಿನ ಒಳಗೆ ಮೂರು ಕೇಸರ ಮಾತ್ರ ಉದ್ದಕ್ಕೆ ಬಳುಕಿ ಹೊರಗೆ ಚಾಚಿರತ್ತೆ, ಸೆನ್ನಾದಲ್ಲಿ ಎಲ್ಲಾ ಗಿಡ್ಡ. ಮೊದಲು ಇವೆರಡೂ ಕ್ಯಾಸಿಯಾ ಅನ್ನೋ ಒಂದೇ ಮನೆತನದಲ್ಲಿದ್ವು, 1982ರಲ್ಲಿ ಸಸ್ಯಶಾಸ್ತ್ರಜ್ಞರು ಪಾಲು ಮಾಡಿದಾಗ ನಮ್ಮ ಮರ ಸೆನ್ನಾ ಕಡೆಗೆ ಹೋಯ್ತು, ಹಳೇ ಪುಸ್ತಕಗಳಲ್ಲಿ ಈಗಲೂ ಕ್ಯಾಸಿಯಾ ಸ್ಪೆಕ್ಟಾಬಿಲಿಸ್ ಅಂತಾನೇ ಸಿಗತ್ತೆ, ಹುಡುಕೋರಿಗೆ ಇದು ಗೊತ್ತಿರ್ಲಿ. ಸ್ಪೆಕ್ಟಾಬಿಲಿಸ್ ಅಂದ್ರೆ ಲ್ಯಾಟಿನ್‌ನಲ್ಲಿ ನೋಡೋಕೆ ಲಾಯಕ್ಕಾದದ್ದು ಅಂತ. ಹೆಸರಿಟ್ಟೋನೂ ಕಾರಿನ ಕಿಟಕಿಯಿಂದಲೇ ನೋಡಿದ್ನೇನೋ.

ಎಲ್ಲಾ ಹಳದಿನೂ ಒಂದೇ ತರ

ಆವತ್ತಿಂದ ನನಗೆ ಹಳದಿ ಹೂವಿನ ಮರ ಕಂಡ್ರೆ ಒಂದು ರೋಗ ಶುರುವಾಯ್ತು, ನಿಂತು ಎಲೆ ನೋಡೋದು. ಬೆಂಗಳೂರಲ್ಲಿ ಮನೆ ರಸ್ತೇಲಿ ಇರೋ ಪೆಲ್ಟೋಫೋರಂನ ಎಷ್ಟೋ ಜನ ಕಕ್ಕೆ ಅಂತಾರೆ, ಅದರ ಎಲೆ ಗುಲ್‌ಮೊಹರ್ ತರ ಪುಡಿಪುಡಿ, ಕಾಯಿ ಚಪ್ಪಟೆ, ತಾಮ್ರದ ಬಣ್ಣ, ಮೊಗ್ಗೂ ತುಕ್ಕು ಬಣ್ಣ. ಸೀಮೆ ತಂಗಡಿ ಇದೆಯಲ್ಲ, ರಸ್ತೆ ಬದಿ ನೆರಳಿಗೆ ಎಲ್ಲೆಲ್ಲೂ ಹಾಕಿರೋದು, ಅದು ಸೆನ್ನಾಗೆ ತೀರಾ ಹತ್ರದ ನೆಂಟ, ನಿಜವಾಗ್ಲೂ ಗೊಂದಲ ಮಾಡೋದು ಅದೇ. ಅದರದ್ದೂ ಹೂ ಮೇಲಕ್ಕೇ ನಿಲ್ಲತ್ತೆ, ಅದರದ್ದೂ ಒಂದೇ ಕಡ್ಡಿಗೆ ಎರಡು ಕಡೆ ಎಲೆ. ಎಲೆ ತುದಿ ನೋಡ್ಬೇಕು, ಸೀಮೆ ತಂಗಡಿದು ದುಂಡಗೆ ಮೊಂಡಾಗಿರತ್ತೆ, ಸ್ಪೆಕ್ಟಾಬಿಲಿಸ್‌ದು ಚೂಪು. ಕಾಯಿ ಸಿಕ್ರೆ ಇನ್ನೂ ಸುಲಭ, ಸೀಮೆ ತಂಗಡಿದು ಚಪ್ಪಟೆ ಪಟ್ಟಿ, ಇದರದ್ದು ದುಂಡಗೆ ಕೊಳವೆ. ಇನ್ನು ನಮ್ಮ ಬಯಲಲ್ಲಿ ತಾನಾಗೇ ಬೆಳೆಯೋ ತಂಗಡಿ, ಆವರಿಕೆ ಅಂತಾರಲ್ಲ, ಅದು ಇದೇ ಸೆನ್ನಾ ಕುಲದ್ದೇ ಆದ್ರೂ ಅಪ್ಪಟ ಈ ನೆಲದ್ದು, ಪೊದೆ ಅಷ್ಟೆ, ಎಲೆ ಬುಡದಲ್ಲಿ ಕಿವಿ ತರ ಒಂದು ಪುಟ್ಟ ಎಲೆ ಅಂಟಿಕೊಂಡಿರತ್ತೆ. ಒಂದೇ ಕುಲದಲ್ಲಿ ಒಬ್ಬರು ಮನೆಯೋರು ಒಬ್ಬರು ಹೊರಗಿನೋರು. ಅದಕ್ಕೇ ಸೆನ್ನಾ ಅಂದಕೂಡ್ಲೆ ಕತ್ತಿ ತಗೊಳ್ಳೋ ಹಾಗೂ ಇಲ್ಲ.

ಸ್ವಲ್ಪ ಹೊತ್ತು ಮರದ ಕೆಳಗೆ ಸುಮ್ನೆ ನಿಂತ್ರೆ ಇನ್ನೊಂದು ಕಾಣತ್ತೆ, ಅಲ್ಲ, ಕೇಳತ್ತೆ. ದೊಡ್ಡ ಕರೀ ದುಂಬಿ ಬಂದು ಹೂ ತಬ್ಬಿಕೊಂಡು ರೆಕ್ಕೆ ನಿಲ್ಲಿಸಿ ಮೈ ಮಾತ್ರ ಗುಂಯ್ ಅಂತ ನಡುಗಿಸತ್ತೆ. ಸೆನ್ನಾ ಹೂವಿನ ಪರಾಗ ಉಪ್ಪಿನ ಡಬ್ಬಿಯಲ್ಲಿರೋ ಹಾಗೆ ಸಣ್ಣ ತೂತಿನ ಒಳಗಿರತ್ತೆ, ಅಲ್ಲಾಡಿಸಿದ್ರೇನೇ ಉದುರೋದು. ಜೇನೇ ಇಲ್ಲ ಅದರಲ್ಲಿ, ಪರಾಗಕ್ಕೋಸ್ಕರ ಬರ್ತವೆ. ಆ ಸದ್ದು ಕೇಳ್ತಾ ನಿಂತಾಗ ಇದನ್ನ ಕಡೀಬೇಕಾ ಅಂತ ಅನ್ನಿಸ್ತು, ಈಗಲೂ ಅನ್ನಿಸತ್ತೆ, ಅದನ್ನ ಮುಚ್ಚಿಡೋದಿಲ್ಲ.

ಪರದೇಶದ್ದು ಅಂದಮಾತ್ರಕ್ಕೆ

ಈ ವಿಷಯ ತೆಗೆದಾಗೆಲ್ಲ ಒಬ್ಬರಲ್ಲ ಒಬ್ಬರು ಅಂತಾರೆ, ಹಂಗಾದ್ರೆ ಬೆಂಗಳೂರಿನ ಗುಲ್‌ಮೊಹರ್, ಜಕರಂದಾ, ಟಬೂಬಿಯಾ ಎಲ್ಲಾ ಕಡೀಬೇಕಾ? ಅವೂ ಫಾರಿನ್ನೇ. ಹೌದು, ಗುಲ್‌ಮೊಹರ್ ಮಡಗಾಸ್ಕರ್‌ದು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು ವರ್ಷ ಪೂರ್ತಿ ಯಾವುದೋ ಒಂದು ರಸ್ತೇಲಿ ಯಾವುದೋ ಒಂದು ಮರ ಹೂ ಬಿಟ್ಟಿರ್ಬೇಕು ಅಂತ ಲೆಕ್ಕ ಹಾಕಿ ಮರ ಹಾಕಿಸಿದ್ರು, ಅದರಲ್ಲಿ ಹೊರಗಿನವು ಬೇಕಾದಷ್ಟಿವೆ. ಅಷ್ಟಕ್ಕೂ ಮೆಣಸಿನಕಾಯಿ ಅಮೆರಿಕದ್ದು, ನಮ್ಮ ಸಾರಿಗೆ ಹಾಕೋ ಹುಣಸೆ ಮೂಲದಲ್ಲಿ ಆಫ್ರಿಕಾದ್ದು, ಅದನ್ನೂ ಬಿಟ್ರೆ ಊಟಕ್ಕೆ ಏನು ಮಾಡೋಣ. ಬಂದು ಸುಮ್ನೆ ನಿಂತಿರೋದು ಬೇರೆ, ಬಂದು ತಾನೇ ಮರಿ ಹಾಕ್ಕೊಂಡು ಹಬ್ಬಿ ಪಕ್ಕದೋರ ಜಾಗ ಕಿತ್ಕೊಳ್ಳೋದು ಬೇರೆ. ಎರಡನ್ನೂ ಹೊರಗಿನದ್ದು ಅನ್ನೋ ಒಂದೇ ಪದದಲ್ಲಿ ಹೇಳಿಬಿಟ್ರೆ ಜಗಳ ಆಗತ್ತೆ, ಕೆಲಸ ಆಗಲ್ಲ. ಹೂ ಚೆಂದ ಇದ್ರೆ ಒಳ್ಳೇದು ಅನ್ನೋದೂ ಅಷ್ಟೇ ತಪ್ಪು. ನೀರುಕಾಯಿ ಮರ ಇದೆಯಲ್ಲ, ಸ್ಕೂಲಲ್ಲಿ ಅದರ ಮೊಗ್ಗು ಒತ್ತಿ ಒಬ್ಬರ ಮೇಲೊಬ್ಬರು ನೀರು ಹಾರಿಸ್ತಿದ್ವಿ, ಆ ಕೆಂಪು ಹೂವಿನ ಆಫ್ರಿಕಾದ ಮರ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳು ಅಂತ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಮಾಡಿರೋ ಪಟ್ಟೀಲಿದೆ. ಲಂಟಾನಾನೂ ಅದೇ ಪಟ್ಟೀಲಿದೆ, ಸುಬಾಬುಲ್ ಕೂಡ.

ಹೆಸರಿನ ವಿಷಯದಲ್ಲಿ ನಮ್ಮ ಜನ ಒಂದು ಕಾಲದಲ್ಲಿ ಹುಷಾರಾಗಿದ್ರು ಅನ್ಸತ್ತೆ. ಹೊರಗಿಂದ ಬಂದಿದ್ದಕ್ಕೆ ಮುಂದೆ ಒಂದು ಸೀಮೆ ಸೇರಿಸಿಬಿಡೋರು, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆ ಹುಣಸೆ, ಸೀಮೆ ತಂಗಡಿ. ಹೆಸರಲ್ಲೇ ಚೀಟಿ ಅಂಟಿಸಿದ ಹಾಗೆ. ಆಮೇಲೆ ಅದೆಲ್ಲೋ ತಪ್ಪಿಹೋಯ್ತು. ಅಮೆರಿಕ ಖಂಡದಿಂದ ಬಂದ ಮುಳ್ಳುಮರ ಬಳ್ಳಾರಿ ಜಾಲಿ ಆಗಿ, ಪಾಪ ಬಳ್ಳಾರಿಗೆ ಕೆಟ್ಟ ಹೆಸರು. ಪಾರ್ಥೇನಿಯಂ ಕಾಂಗ್ರೆಸ್ ಗಿಡ ಆಯ್ತು. ನಮ್ಮ ಮರಕ್ಕೆ ಕೇರಳದಲ್ಲಿ ಕೊನ್ನ ಅಂತ ಸೇರಿಸಿದ್ದೇ ಅದಕ್ಕೆ ಸಿಕ್ಕ ದೊಡ್ಡ ರಕ್ಷಣೆ ಅಂತ ನನ್ನ ಲೆಕ್ಕ, ವಿಷು ಹೂವಿನ ಹೆಸರು ಹೊತ್ತ ಮರಕ್ಕೆ ಯಾರು ಕೊಡಲಿ ಹಾಕ್ತಾರೆ. ಈಗ ಅಲ್ಲೇ ಕೆಲವರು ರಾಕ್ಷಸಕ್ಕೊನ್ನ ಅಂತ ಬದಲಾಯಿಸ್ಕೊಂಡಿದ್ದಾರಂತೆ. ನಮ್ಮ ಕಡೆ ಫಾರೆಸ್ಟ್‌ನೋರು ಹೇಳೋ ಸೆನ್ನಾ ಅನ್ನೋದನ್ನೇ ಊರೋರೂ ಹಿಡಿದಿದ್ದಾರೆ.

ಮಧ್ಯ ಮತ್ತೆ ದಕ್ಷಿಣ ಅಮೆರಿಕದ ಮರ ಇದು. ವಯನಾಡಲ್ಲಿ 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಮುತ್ತಂಗ ಕಡೆ ನೆಟ್ಟಿದ್ದು, ನೆರಳಾಗತ್ತೆ, ಚೆಂದ ಕಾಣತ್ತೆ ಅಂತ. ನೆಟ್ಟೋರ ಮೇಲೆ ಸಿಟ್ಟಿಲ್ಲ, ನಾನೂ ಅದಕ್ಕೇ ತಾನೇ ನೆಟ್ಟಿದ್ದು. ಈಗ 344 ಚದರ ಕಿಲೋಮೀಟರ್ ಇರೋ ವಯನಾಡ್ ಅಭಯಾರಣ್ಯದಲ್ಲಿ ನೂರು ಚದರ ಕಿಲೋಮೀಟರ್‌ಗೂ ಜಾಸ್ತಿ ಇದೇ ಹಬ್ಬಿದೆ. ಮುದುಮಲೆಯಲ್ಲೂ ಇದೆ, ಬಂಡೀಪುರಕ್ಕೂ ನಾಗರಹೊಳೆಗೂ ಬಂದಿದೆ. ಮೂರು ರಾಜ್ಯದ ಕಾಡು ಒಂದಕ್ಕೊಂದು ಅಂಟಿಕೊಂಡಿರೋದರಿಂದ ಆನೆಗೆ ಹೇಗೆ ಗಡಿ ಇಲ್ವೋ ಬೀಜಕ್ಕೂ ಹಾಗೆ. ರಾತ್ರಿ ಒಂಬತ್ತಕ್ಕೆ ಗೇಟ್ ಹಾಕಿ ಲಾರಿಗಳನ್ನ ತಡೀತೀವಿ, ಇದನ್ನ ಯಾವ ಗೇಟ್ ತಡೆಯತ್ತೆ. ಮರ ಒತ್ತೊತ್ತಾಗಿ ಬೆಳೆದು ಕೆಳಗೆ ಹುಲ್ಲು ಬರಲ್ಲ. ಎಲೆಯನ್ನ ಜಿಂಕೆ, ಕಾಟಿ ತಿನ್ನಲ್ಲ. ಹುಲ್ಲು ಇಲ್ಲ ಅಂದ್ರೆ ಜಿಂಕೆ ಬೇರೆ ಕಡೆ ಹೋಗತ್ತೆ, ಆ ಬೇರೆ ಕಡೆ ಅನ್ನೋದು ಎಷ್ಟೋ ಸಲ ಮಾವನ ಹೊಲ. ಕಾಡಿನ ಒಳಗೆ ಹಳದಿ ಸಾಲಿನ ಹಿಂದೆ ಇನ್ನೊಂದು ಸಾಲು ಕಂಡಿದ್ದೆ ಅಂದ್ನಲ್ಲ, ಅದನ್ನ ಯಾರೂ ನೆಟ್ಟಿರ್ಲಿಲ್ಲ.

ವಾಚರ್ ಅಣ್ಣ ಅವತ್ತು ಗುಡಿಯಿಂದ ವಾಪಸ್ ಬಂದ್ಮೇಲೆ ಮರದ ಕಡೆ ತಲೆ ಎತ್ತಲೇ ಇಲ್ಲ. ಬಗ್ಗಿ ನೆಲ ನೋಡ್ತಾ ನಡೆದ್ರು, ಬೇಲಿಗುಂಟ, ಆಮೇಲೆ ನೀರು ಹೋಗೋ ಕಾಲುವೆಗುಂಟ. 'ಇಲ್ನೋಡವ್ವ' ಅಂತ ಒಂದೊಂದೇ ತೋರಿಸಿದ್ರು. ಹಿಂದಿನ ವರ್ಷ ಒಂದಷ್ಟು ಕಾಯಿ ಬಿಟ್ಟಿತ್ತು, ಅಷ್ಟಕ್ಕೇ ಕಿರುಬೆರಳುದ್ದದ ಸಸಿ, ಗೇಣುದ್ದದ್ದು, ಮೊಣಕಾಲೆತ್ತರದ್ದು. ನಾನೂ ಮಾವನ ಮಗನೂ ಕೂತು ಕಿತ್ವಿ, ಮಧ್ಯಾಹ್ನದೊಳಗೆ 146 ಆಯ್ತು, ಪಕ್ಕದೋರ ಅರಿಶಿನದ ಹೊಲದೊಳಗೇ ಹನ್ನೊಂದು ಇದ್ವು. ಗುಡಿ ಹಿಂದಿನ ಕಕ್ಕೆ ನನ್ನ ಅಜ್ಜಿ ಕಾಲದ್ದು, ಅದರ ಬುಡದಲ್ಲಿ ಹುಡುಕಿದ್ರೆ ಒಂದು ಸಸಿ ಕಾಣ್ಲಿಲ್ಲ. ಜಾತಿ ಯಾವುದು ಅಂತ ಎಲೆ ಹೇಳತ್ತೆ, ನಡತೆ ಹೆಂಗೆ ಅಂತ ತಿಳೀಬೇಕಂದ್ರೆ ಬಗ್ಗಿ ನೆಲ ನೋಡ್ಬೇಕು. ನಾನು ಐದು ವರ್ಷ ಮೇಲೇ ನೋಡ್ತಿದ್ದೆ.

ಸಿಪ್ಪೆ

ಮಾವ ತಡ ಮಾಡ್ಲಿಲ್ಲ, ಮಾರನೇ ದಿನವೇ ಒಂದು ಮರಾನ ಬುಡಕ್ಕೇ ಕಡಿಸಿದ್ರು. ಅದೇ ಎರಡನೇ ತಪ್ಪು, ಅದು ನನ್ನದಲ್ಲ ಅನ್ನೋದೊಂದೇ ಸಮಾಧಾನ. ಮಳೆ ಬಿದ್ದಮೇಲೆ ಆ ಮೋಟಿನ ಸುತ್ತ ಹದಿನೈದೋ ಇಪ್ಪತ್ತೋ ಚಿಗುರು ಎದ್ದು ಒಂದು ಮರ ಇದ್ದ ಜಾಗದಲ್ಲಿ ಒಂದು ಪೊದೆ ಆಯ್ತು. ಬೇರಲ್ಲಿ ಕೂಡಿಟ್ಟ ಆಹಾರ ಹಂಗೇ ಇರತ್ತಲ್ಲ, ಮೇಲಿಂದ ಕಡಿದ್ರೆ ಅದೆಲ್ಲ ಚಿಗುರಾಗಿ ಹೊರಡತ್ತೆ. ತ್ರಿಶ್ಶೂರ್ ಹತ್ರ ಪೀಚಿಯಲ್ಲಿರೋ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಇದಕ್ಕೆ ಹೇಳೋದು ಸಿಪ್ಪೆ ಸುಲಿಯೋ ದಾರಿ. ಟಾಂಜಾನಿಯಾದ ಮಹಾಲೆ ಕಾಡಲ್ಲೂ, ಚಿಂಪಾಂಜಿಗಳಿರೋ ಜಾಗ ಅದು, ಇದೇ ಮರ ಹಬ್ಬಿ ಅಲ್ಲೂ ತೊಗಟೆ ತೆಗೆದು ಒಣಗಿಸೋದನ್ನ ಪರೀಕ್ಷೆ ಮಾಡಿದ್ದಾರೆ. ಎಲೆ ತಯಾರು ಮಾಡಿದ ಅಡುಗೆ ಬೇರಿಗೆ ಇಳಿಯೋದು ತೊಗಟೆ ಒಳಗಿನ ಪದರದಲ್ಲಿ. ಸೊಂಟದೆತ್ತರದಿಂದ ನೆಲದವರೆಗೂ ಸುತ್ತಲೂ ಸಿಪ್ಪೆ ತೆಗೆದ್ರೆ ಮೇಲೆ ಎಲೆ ಇದ್ರೂ ಬೇರು ಉಪವಾಸ ಬೀಳತ್ತೆ. ನಿಧಾನ, ವರ್ಷಕ್ಕೂ ಜಾಸ್ತಿ ಹಿಡಿಯತ್ತೆ, ಮಧ್ಯೆ ಬರೋ ಚಿಗುರನ್ನ ತಿಂಗಳು ತಿಂಗಳೂ ಉಜ್ಜಿ ತೆಗೀತಾ ಇರ್ಬೇಕು. ಸಣ್ಣ ಗಿಡ ಆದ್ರೆ ಬೇರುಸಮೇತ ಕಿತ್ತುಬಿಡೋದೇ. ಮುದುಮಲೆ ಕಡೆ ಕಡಿದ ಮರಾನ ತಮಿಳುನಾಡಿನ ಸರ್ಕಾರಿ ಕಾಗದದ ಕಾರ್ಖಾನೆಗೆ ಸಾಗಿಸ್ತಾರೆ, ಮರ ಕಾಗದ ಆಗತ್ತೆ ಸರಿ, ಉಳಿದ ಬೇರಿನ ಗತಿ ನೋಡ್ಕೊಳ್ಳೋರು ಯಾರು ಅನ್ನೋದು ಮಾವನ ಮೋಟು ನೋಡಿದಾಗೆಲ್ಲ ನೆನಪಾಗತ್ತೆ.

ಎರಡನೇ ಮರಾನ ಮಾವನೇ ಸುಲಿದ್ರು, ಮಚ್ಚಿನ ಹಿಂಬದಿಯಿಂದ ತಟ್ಟಿ ಸಡಿಲ ಮಾಡಿ, ಬಾಳೆ ಪಟ್ಟೆ ತೆಗೆದ ಹಾಗೆ ಉದ್ದುದ್ದಕ್ಕೆ. ಒಳಗೆ ಮರ ಬೆಳ್ಳಗೆ, ಮುಟ್ಟಿದ್ರೆ ತಣ್ಣಗೆ, ಜಾರತ್ತೆ. ಒಂದು ಕಡೆ ಹೆಬ್ಬೆರಳಗಲ ಸಿಪ್ಪೆ ಉಳಿದುಹೋಗಿತ್ತು, ಬೇಲಿ ಕಲ್ಲಿಗೆ ಒತ್ಕೊಂಡಿದ್ದ ಭಾಗ, ಕಾಣಿಸಿರ್ಲಿಲ್ಲ. ಅಷ್ಟು ಸಾಕಾಯ್ತು ಅದಕ್ಕೆ, ಆ ಒಂದು ಪಟ್ಟೀಲೇ ಬದುಕ್ಕೊಂಡು ಇಷ್ಟು ವರ್ಷ ತಳ್ಳಿದೆ. ನಡುವೆ ಒಂದು ವರ್ಷ ಅತ್ತೆಗೆ ಆಪರೇಷನ್ ಅಂತ ಯಾರೂ ಆ ಕಡೆ ಹೋಗ್ಲಿಲ್ಲ, ಚಿಗುರೆಲ್ಲ ರೆಂಬೆ ಆಗ್ಬಿಟ್ಟಿತ್ತು. ಇಷ್ಟೆಲ್ಲ ಒಂದು ಮರಕ್ಕೆ. ಕಾಡೊಳಗೆ ಎಷ್ಟು ಮರ ಇವೆ ಅಂತ ಯೋಚನೆ ಮಾಡಿದ್ರೆ ತಲೆ ಸುತ್ತತ್ತೆ, ಅದಕ್ಕೇ ನಾನು ಈ ಒಂದರ ಬಗ್ಗೆನೇ ಯೋಚನೆ ಮಾಡ್ತೀನಿ.

ಫೋನ್ ಬಂದ ಮೇಲೆ ಭಾನುವಾರ ಬಸ್ ಹಿಡಿದು ಹೋದೆ. ಕಲ್ಲು ಸರಿಸಿ ಉಳಿದಿದ್ದ ಆ ಪಟ್ಟೀನೂ ತೆಗೆದ್ವಿ. ಆದ್ರೂ ಮೊಗ್ಗು ಕಾಯಿ ಆಗೋದನ್ನ ಕಾಯೋ ಹಾಗಿಲ್ಲ ಅಂತ ನಾನು ದೋಟಿ ಹಿಡ್ಕೊಂಡು ಅರಳಿದ್ದು ಅರಳದೇ ಇದ್ದಿದ್ದು ಎಲ್ಲಾ ಗೊಂಚಲು ಎಳೆದೆಳೆದು ಬೀಳಿಸಿದೆ. ದುಂಬಿಗಳು ಸ್ವಲ್ಪ ಹೊತ್ತು ಖಾಲಿ ರೆಂಬೆ ಸುತ್ತ ತಿರುಗಾಡಿ ಬೇಲಿಯಾಚೆ ತಂಗಡಿ ಕಡೆ ಹೋದ್ವು. ಎರಡು ಮಂಕರಿ ತುಂಬ ಹೂ. ಅತ್ತೆ ಕೈಲಿ ಹಿಡಿದು ನೋಡಿ, ಬಂಗಾರ ಬಂಗಾರ ಇದ್ದಂಗದೆ ಅಂತ ಲೊಚಗುಟ್ಟಿ, ಸುಮ್ನೆ ಯಾಕೆ ಬಿಸಾಕೋದು ಅಂತ ಕೊಟ್ಟಿಗೆಗೆ ತಗೊಂಡು ಹೋಗಿ ಹಸು ಮುಂದೆ ಸುರಿದ್ರು. ಹಸು ಎದ್ದು ಬಂತು, ಮೂಸಿ ನೋಡ್ತು, ಒಂದು ಸಲ ಉಸಿರು ಬಿಟ್ಟು ಹೂವೆಲ್ಲ ಹಾರಿಸಿ, ತಿರುಗಿ ಗೋಡೆ ಕಡೆ ಮುಖ ಮಾಡಿ ಮಲಗ್ತು.